ಅಂಟು ಹಾಕದ ಲಕೋಟೆ

ಆತ್-ಬಾಶಿ
ಸೆಪ್ಟೆಂಬರ್ ೧೪

ಕೇಳಿರಿ, ಕೇಳಿರಿ, ಬಿಷ್ಕೆಕ್ ನಗರದ ನಾಲ್ಕನೆಯ ಮಹಡಿಯ ಅಡುಗೆಮನೆಯಲ್ಲಿ ನೆರೆದಿರುವ ಮಹಾಜನರೇ! ಒಲೆಯ ಬಳಿ ನಿಂತವರೇ, ಕಿಟಕಿಗೆ ಒರಗಿದವರೇ, ಚಹಾದ ಬಟ್ಟಲಿಗೆ ಮೂಗು ಅದ್ದಿರುವ ಮಗಳ ಜೊತೆಗಾತಿ, ಹಲ್ಲಿನ ಡಾಕ್ಟರ್ ನಾಜಿರಾ ಅವರೇ, ಮತ್ತು ಇವರೆಲ್ಲರ ನಡುವೆ ನನ್ನ ಕಾಗದ ಹಿಡಿದು ‘ಅಪ್ಪ ಶುರು ಮಾಡಿದ್ರು’ ಎಂದು ಹಣೆ ಒತ್ತಿಕೊಳ್ಳುತ್ತಿರುವ ನನ್ನ ಮಗಳು ಬೂರುಲ್ ಅವರೇ! ಪರದೆ ಮೇಲೇರಿದೆ. ಹಿಂದಿನ ಸಾಲಿನವರು ಕೆಮ್ಮು ಮುಗಿಸಿಕೊಳ್ಳಿ.

ಮಗಳೇ, ಆ ಸರ್ಕಾರಿ ಸಮಿತಿಯ ಕೆಲಸ ಮುಗಿಯುವ ತನಕ ನಿನ್ನ ಫೋನಿಗೆ ಇನ್ನೊಂದು ಕಿವಿ ಅಂಟಿಕೊಂಡಿರುತ್ತದೆ, ಅದಕ್ಕೆ ಒಪ್ಪಿ ನೀನೇ ಸಹಿ ಹಾಕಿದ್ದೀಯ ಎಂದು ಹೇಳಿದೆಯಲ್ಲ, ಅವತ್ತೇ ನಿರ್ಧಾರ ಮಾಡಿದೆ. ನಾರಿನ್ ರಂಗಮಂದಿರದಲ್ಲಿ ಒಂದು ಜೀವಮಾನ ಗುಡುಗಿದವನು ನಾನು. ಟಿಕೆಟ್ಟಿಲ್ಲದ ಕಿವಿಗೆ ಪುಕ್ಕಟೆ ನಾಟಕ ತೋರಿಸುವವನಲ್ಲ. ಇನ್ನು ಮೇಲೆ ಕಾಗದ. ನಮ್ಮ ಮುಕಾಶ್ ಇದ್ದಾನೆ, ಅವನ ವ್ಯಾನ್ ಇದೆ, ಕಣಿವೆಯ ರಸ್ತೆ ಇದೆ. ಸಾಕು.

ನೀನು ಊರು ಬಿಟ್ಟು ಬಹಳ ಕಾಲವಾಗಿದೆ, ಮರೆತಿರಬಹುದು, ನೆನಪಿಸುತ್ತೇನೆ. ಇವತ್ತೂ ಇಲ್ಲಿ ವ್ಯಾನಿನವರ ಕೈಯಲ್ಲಿ ಕಳಿಸುವ ಲಕೋಟೆಗೆ ಅಂಟು ಹಾಕುವ ಹಾಗಿಲ್ಲ. ಹಾಕಿದರೆ ‘ನಿನ್ನನ್ನು ನಂಬಲ್ಲ’ ಎಂದು ಮುಖಕ್ಕೆ ಹೊಡೆದ ಹಾಗೆ. ಮುಕಾಶ್ ಲಕೋಟೆ ತೆಗೆದುಕೊಳ್ಳುತ್ತಾನೆ, ಕೊಟ್ಟವನ ಎದುರಿಗೇ ಬಾಯಿ ಅಗಲಿಸಿ ಒಂದು ಬೆರಳು ಆಡಿಸುತ್ತಾನೆ, ಅಮಲಿನ ಪುಡಿ ಗಿಡಿ ಏನೂ ಇಲ್ಲ ಎಂದು ನೋಡಿಕೊಳ್ಳುತ್ತಾನೆ. ಒಳಗಿನ ಕಾಗದ ಬಿಡಿಸುವುದಿಲ್ಲ. ಕೊಟ್ಟವನು ಆ ಬೆರಳನ್ನೇ ನೋಡುತ್ತ ನಿಂತಿರುತ್ತಾನೆ. ಆಮೇಲೆ ಲಕೋಟೆ ಮುಕಾಶನ ಎದೆಯ ಜೇಬಿಗೆ. ಅವನ ಅಪ್ಪನೂ ಹೀಗೇ ಮಾಡುತ್ತಿದ್ದ, ಆಗ ಇದ್ದದ್ದು ಲಾರಿ.

ಈಗ ಸುದ್ದಿ. ನಿನ್ನ ತಾಯಿ ಶಾಯಿರ್ಗುಲ್ ಮಹಾರಾಣಿಯವರ ಉಣ್ಣೆಯ ಕಾರ್ಖಾನೆ, ಅಂದರೆ ನಮ್ಮ ಹಳೆಯ ಕುರಿದೊಡ್ಡಿ, ಭರದಿಂದ ನಡೆದಿದೆ. ಹಾಲೆಂಡಿನ ಅಂಗಡಿಯಮ್ಮ ಈ ಚಳಿಗಾಲಕ್ಕೂ ತುಳಿದು ಗಟ್ಟಿ ಮಾಡಿದ ಉಣ್ಣೆಯ ಹಾಸು ಬೇಕು ಎಂದಿದ್ದಾಳೆ. ಬೀದಿಯ ಹೆಂಗಸರೆಲ್ಲ ಅಲ್ಲೇ ಉಣ್ಣೆ ತುಳಿಯುತ್ತಿದ್ದಾರೆ, ಜೊತೆಗೆ ಗಂಡಂದಿರನ್ನೂ ಮಾತಿನಲ್ಲಿ ತುಳಿಯುತ್ತಿದ್ದಾರೆ. ಇನ್ನು ನನ್ನ ಸುದ್ದಿ: ನಾಟಕ ಮಂಡಳಿಯವರು ಮನೆಗೆ ಬಂದು ಕಾಲು ಹಿಡಿದರು, ಸರಿ, ಕಾಲು ಹಿಡಿಯಲಿಲ್ಲ, ಚಹಾ ಕುಡಿದರು, ವಸಂತದ ನೂರೂಜ್ ಹಬ್ಬದ ನಾಟಕಕ್ಕೆ ಮುದುಕ ಖಾನನ ಪಾತ್ರ ನೀವೇ ಮಾಡಬೇಕು ಎಂದರು. ಕೊನೆಯ ಪಾತ್ರ, ಬೂರುಲ್. ಮೈಕು ಬೇಡ ಎಂದು ಹೇಳಿದ್ದೇನೆ.

ನಿಮ್ಮ ಸಮಿತಿ ಚರ್ಚಿಸುತ್ತಿರುವ ಕಾಯಿದೆಯ ಕರಡು ಮೊನ್ನೆ ಪತ್ರಿಕೆಯಲ್ಲಿ ಬಂದಿತ್ತು. ನಿನ್ನ ಅಮ್ಮ ಓದಿ ಮಡಿಚಿ ಇಟ್ಟಳು. ಏನೂ ಹೇಳಲಿಲ್ಲ.

ಪರದೆ.
ನಿನ್ನ ಅಪ್ಪ, ಸಾತಿಬಾಲ್ದಿ


ಬಿಷ್ಕೆಕ್
ಅಕ್ಟೋಬರ್ ೩

ಪ್ರೀತಿಯ ಅಪ್ಪ,

ಕಾಗದವನ್ನು ನಾಜಿರಾ ನಿಂತುಕೊಂಡು ನಿಮ್ಮ ಧಾಟಿಯಲ್ಲೇ ಓದಿದಳು. ಪಕ್ಕದ ಮನೆಯವರು ಗೋಡೆ ಬಡಿದರು. ಜೊತೆಗೆ ಬಂದ ಕುರುತ್, ಆ ಒಣಮೊಸರಿನ ಉಂಡೆಗಳು, ಆಗಲೇ ಮುಗಿದವು. ಅಮ್ಮನಿಗೆ ತುಂಬ ತುಂಬ ಧನ್ಯವಾದ. ಇಲ್ಲಿ ಅಂಗಡಿಯಲ್ಲಿ ಸಿಗುವುದಕ್ಕೆ ಹುಳಿಯೇ ಇಲ್ಲ.

ಒಳಗಿನದನ್ನು ಬರೆಯಲಾರೆ. ಪತ್ರಿಕೆಯಲ್ಲಿ ಬಂದಷ್ಟನ್ನು ಬರೆಯಬಹುದು. ದೇಶದಲ್ಲಿ ವ್ಯಾಪಾರಕ್ಕೆ ಬಳಸುವ ಪ್ರತಿಯೊಂದು ಫೋನು, ಕಂಪ್ಯೂಟರಿನ ಸಂದೇಶಗಳ ಬೀಗದ ಕೈ ಒಂದು ಸರ್ಕಾರಿ ಕಚೇರಿಯಲ್ಲಿ ಇರಬೇಕು ಎನ್ನುತ್ತದೆ ಕರಡು. ಬೇಕೆನಿಸಿದಾಗ ತೆರೆದು ಓದಬಹುದು. ಯಾರನ್ನೂ ಕೇಳಬೇಕಿಲ್ಲ, ಆಮೇಲೆ ಯಾರಿಗೂ ಹೇಳಬೇಕಿಲ್ಲ. ವ್ಯಾಪಾರದ ಕಡೆಯಿಂದ ಮಾತಾಡಲು ನನ್ನನ್ನು ಕೂರಿಸಿದ್ದಾರೆ. ಎದುರಿಗೆ ಭದ್ರತೆಯ ಕಡೆಯಿಂದ ಕರ್ನಲ್ ದೂಯ್ಶೋನ್.

ಅವರನ್ನು ದುಷ್ಟ ಎಂದುಕೊಂಡು ಹೋಗಿದ್ದೆ. ಹಾಗಿಲ್ಲ, ಅಪ್ಪ. ಈ ವರ್ಷ ವಸಂತದಲ್ಲಿ ಗಡಿಯ ಕಾವಲು ಠಾಣೆಯಲ್ಲಿ ಇಬ್ಬರು ಹುಡುಗರು ಸತ್ತರಲ್ಲ, ಆ ಸುದ್ದಿಯನ್ನು ತಾಯಂದಿರ ಮನೆ ಬಾಗಿಲಿಗೆ ಹೊತ್ತುಕೊಂಡು ಹೋದವರು ಇವರೇ. ಕೊಂದವರು ಉಣ್ಣೆ ಮೂಟೆಯ ಆರ್ಡರಿನ ಹಾಗೆ ಸಂದೇಶ ಕಳಿಸಿಕೊಂಡು ದಿನ ಗೊತ್ತು ಮಾಡಿದ್ದರಂತೆ. ಚಹಾದ ಬಿಡುವಿನಲ್ಲಿ ಕೇಳಿದರು: “ತಂಗಿ, ನಿಮ್ಮ ವ್ಯಾಪಾರಿಗಳ ಗುಟ್ಟು ದೊಡ್ಡದೋ, ನನ್ನ ಹುಡುಗರ ಜೀವ ದೊಡ್ಡದೋ?” ಆ ಪ್ರಶ್ನೆಯನ್ನು ಮನೆಗೆ ಹೊತ್ತು ತಂದಿದ್ದೇನೆ.

ಅಮ್ಮ ಏನೂ ಹೇಳಲಿಲ್ಲ ಎಂದು ಬರೆದಿದ್ದೀರಿ. ಏನು ಹೇಳಲಿಲ್ಲ ಎಂದು ಕೇಳಿ ಬರೆಯಿರಿ.

ರಾತ್ರಿ ಊಟ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೇನೆ. ಇದು ಅಮ್ಮ ಕೇಳುವ ಮೊದಲೇ.

ನಿಮ್ಮ ಬೂರುಲ್


ಆತ್-ಬಾಶಿ
ಅಕ್ಟೋಬರ್ ೨೮

ಮಹಾಜನರೇ, ಈ ಅಂಕದಲ್ಲಿ ಗದ್ದಲ ಕಡಿಮೆ, ಸಂಕಟ ಹೆಚ್ಚು. ಕರವಸ್ತ್ರ ಇರುವವರು ಹೊರಗೆ ತೆಗೆಯಿರಿ.

ಕೇಳಿದೆ. ನಿನ್ನ ಅಮ್ಮ ಹಾಲೆಂಡಿನಿಂದ ಬಂದ ಉತ್ತರವನ್ನು ನನ್ನ ಮುಂದೆ ಹಿಡಿದಳು. ಶಾಲೆಯ ಮಾಸ್ತರರು ಓದಿ ಅರ್ಥ ಹೇಳಿದರು. ಅಂಗಡಿಯಮ್ಮನೂ ನಮ್ಮ ಪತ್ರಿಕೆಯ ಸುದ್ದಿ ಓದಿದ್ದಾಳೆ. ಅವಳ ದೇಶದ ಕಾಯಿದೆಯಂತೆ, ಕೊಂಡವರ ಹೆಸರು ವಿಳಾಸಗಳನ್ನು ಯಾರು ಬೇಕಾದರೂ ಕೇಳದೆ ತೆರೆದು ನೋಡುವ ಕಡೆಗೆ ಕಳಿಸುವಂತಿಲ್ಲ. ಕರಡು ಹೀಗೇ ಪಾಸಾದರೆ ವಸಂತದ ನಂತರ ನಮ್ಮ ಜೊತೆ ವ್ಯವಹಾರ ನಿಲ್ಲಿಸಬೇಕಾಗುತ್ತದೆ, ಮನಸ್ಸಿಗೆ ತುಂಬ ನೋವಾಗಿದೆ ಎಂದು ಬರೆದಿದ್ದಾಳೆ. ಕೊನೆಗೆ ನಿನ್ನ ಅಮ್ಮನ ಟಗರುಕೊಂಬಿನ ಚಿತ್ತಾರದ ಹಾಸು ತನ್ನ ಮನೆಯಲ್ಲೇ ಇದೆ, ಅದನ್ನು ಮಾರುವುದಿಲ್ಲ ಎಂದೂ ಸೇರಿಸಿದ್ದಾಳೆ. ಒಳ್ಳೆಯ ಹೆಂಗಸು.

ಅಂದರೆ ದೊಡ್ಡಿಗೆ ಬೀಗ. ಈ ಬೀದಿಯ ಹೆಂಗಸರ ಚಳಿಗಾಲದ ಹಿಟ್ಟು, ಕಲ್ಲಿದ್ದಲು ಎಲ್ಲ ಆ ದೊಡ್ಡಿಯಿಂದ ಬರುತ್ತದೆ. ನಾನು ಎದೆ ಸೆಟೆಸಿ, ಮಗಳು ಅಲ್ಲಿದ್ದಾಳೆ, ಒಂದು ಮಾತು ಹೇಳಿದರೆ ಸಾಕು ಎಂದೆ. ನಿನ್ನ ಅಮ್ಮ ಕತ್ತರಿ ಕೆಳಗಿಟ್ಟಳು. “ಅವಳ ಮೇಲೆ ನಮ್ಮ ಭಾರ ಹಾಕ್ಬೇಡಿ. ಆ ಇಬ್ಬರು ಹುಡುಗರ ತಾಯಂದಿರೂ ಹಾಸು ಮಾಡೋರೇ” ಎಂದಳು. ಇದೇ ಅವಳು ಆವತ್ತು ಹೇಳದೆ ಬಿಟ್ಟದ್ದು.

ಹಿಮ ಬಿದ್ದಿದೆ. ಅಂಗಳ ಗಾಜಿನ ಹಾಗೆ ಜಾರುತ್ತದೆ. ಸೇಬನ್ನು ಈಗ ಕತ್ತರಿಸಿಕೊಂಡು ತಿನ್ನುತ್ತಿದ್ದೇನೆ, ಅದರಲ್ಲೊಂದು ಗಾಂಭೀರ್ಯವಿದೆ. ತಾಲೀಮು ಮನೆಯಲ್ಲೇ ನಡೆಸುತ್ತೇನೆ ಎಂದು ಮಂಡಳಿಗೆ ಹೇಳಿ ಕಳಿಸಿದ್ದೇನೆ.

ಪರದೆ.
ಅಪ್ಪ


ಆತ್-ಬಾಶಿ
ನವೆಂಬರ್ ೧೯

ಬೂರುಲ್,

ಇದನ್ನು ಅಡುಗೆಮನೆಯಲ್ಲಿ ಓದಬೇಡ. ಅದಕ್ಕೇ ಕಚೇರಿಯ ವಿಳಾಸ ಹಾಕಿದ್ದೇನೆ.

ಹೋದ ತಿಂಗಳು ಅಂಗಳದಲ್ಲಿ ಜಾರಿ ಬಿದ್ದೆ. ಮೇಲಿನ ಮುಂದಿನ ಹಲ್ಲುಗಳು ಹೋದವು. ನಿನ್ನ ಅಮ್ಮನಿಗೆ ಒಂದೇ ಹೋಗಿದೆ ಎಂದು ಹೇಳಿದ್ದೇನೆ. ಮಾತಾಡಿದರೆ ಸಿಳ್ಳೆ ಬರುತ್ತದೆ. ಖಾನನ ದೊಡ್ಡ ಮಾತು ಇದೆಯಲ್ಲ, ಸೈನ್ಯವನ್ನು ಕಳಿಸಿಕೊಡುವಾಗ, ಅದನ್ನು ಹೇಳಿ ನೋಡಿದೆ. ಕುದುರೆ ಕರೆದ ಹಾಗೆ ಕೇಳಿಸಿತು. ಒಬ್ಬನೇ ಇದ್ದೆ. ಸ್ವಲ್ಪ ಹೊತ್ತು ಅತ್ತೆ.

ಇಲ್ಲಿಯ ಹಲ್ಲಿನ ಡಾಕ್ಟರ ಹೆಂಡತಿ ನಮ್ಮ ಮಂಡಳಿಯ ಟಿಕೆಟ್ ಮಾರುವವಳು. ಅವಳಿಗೆ ತಿಳಿದರೆ ಪಾತ್ರ ಇನ್ನೊಬ್ಬನಿಗೆ ಹೋಗುತ್ತದೆ. ನಾಜಿರಾ ಯಾರಿಗೂ ತಿಳಿಯದ ಹಾಗೆ ಏನಾದರೂ ಮಾಡಬಹುದೇ ಕೇಳು. ಬೇಕಾದರೆ ಏನಾದರೂ ನೆಪ ಬರೆ, ಬರುತ್ತೇನೆ.

ಯಾರಿಗೂ ಹೇಳಬೇಡ. ಅಮ್ಮನಿಗೂ.

ಸಾತಿಬಾಲ್ದಿ


ಬಿಷ್ಕೆಕ್
ಡಿಸೆಂಬರ್ ೬

ಅಮ್ಮಾ,

ಈ ಕಾಗದ ನಿನಗೆ ಮಾತ್ರ. ಅಪ್ಪ ಮನೆಯಲ್ಲಿಲ್ಲದಾಗ ಕೊಡು ಎಂದು ಮುಕಾಶ್ ಅಣ್ಣನಿಗೆ ಹೇಳಿದ್ದೇನೆ. ಲಕೋಟೆಗೆ ಅಂಟು ಹಾಕಿಲ್ಲ.

ಅಪ್ಪ ಹಾಕಿದರು. ಹಿಟ್ಟು ಕಲಸಿ, ಅಂಚಿನುದ್ದಕ್ಕೂ. ಗಡಿ ಜಿಲ್ಲೆಯಿಂದ, ಸಮಿತಿಯ ಸದಸ್ಯೆಯ ಕಚೇರಿ ವಿಳಾಸಕ್ಕೆ, ಅಂಟು ಹಾಕಿದ ಲಕೋಟೆ. ಕಣಿವೆಯ ತಪಾಸಣೆ ಗೇಟಿನಲ್ಲಿ ಹರಿದರು. ಒಬ್ಬ ಕಾವಲಿನವನು ಒಲೆಯ ಹತ್ತಿರ ನಿಂತು ಗಟ್ಟಿಯಾಗಿ ಓದಿದನಂತೆ. ವ್ಯಾನಿನ ಜನರೆಲ್ಲ ಅಲ್ಲೇ ಇದ್ದರಂತೆ. ಅದರ ಫೋಟೊ, ಹಿಂದೆಯೇ ಕಾಗದ, ಎರಡೂ ಇಲ್ಲಿನ ಭದ್ರತೆಯ ಕಚೇರಿಗೆ ಬಂದವು. ನಾನು ನನ್ನ ಅಪ್ಪನ ಕಾಗದವನ್ನು ಮೊದಲು ನೋಡಿದ್ದು ಕರ್ನಲ್ ದೂಯ್ಶೋನರ ಮೇಜಿನ ಮೇಲೆ.

ಅಪ್ಪ ಬಿದ್ದದ್ದು, ಹಲ್ಲು ಹೋದದ್ದು ನಿನಗೆ ಗೊತ್ತಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿರುತ್ತದೆ ಎಂದುಕೊಂಡಿದ್ದೇನೆ. ಒಂದಲ್ಲ, ಹೆಚ್ಚು.

ಸಮಿತಿಯಲ್ಲಿ ಒಬ್ಬರು, ಇವಳಿಗೆ ಊರಿನಿಂದ ಗುಟ್ಟಾಗಿ ಕಾಗದ ಬರುತ್ತದೆ, ಕರಡಿನ ವಿಷಯ ಹೊರಗೆ ಹೋಗುತ್ತಿದೆ ಎಂದರು. ಅದು ಹಲ್ಲಿನ ಕಾಗದ ಎಂದೆ. “ಹರಿಯೋಕ್ಕೆ ಮುಂಚೆ ಅದು ಹಲ್ಲಿನದು ಅಂತ ಯಾರಿಗೆ ಗೊತ್ತಿತ್ತು?” ಎಂದರು. ಮಾತು ಸರಿಯಾಗಿಯೇ ಇದೆ. ಆದರೂ ಸರಿಯಿಲ್ಲ. ವಿಚಾರಣೆ ಮುಗಿಯುವ ತನಕ ನನ್ನನ್ನು ಸಭೆಗೆ ಬರಬೇಡಿ ಎಂದಿದ್ದಾರೆ. ಫೆಬ್ರವರಿಯಲ್ಲಿ ಮತ. ಅಷ್ಟರಲ್ಲಿ ನಾನು ಒಳಗೆ ಹೋಗದಿದ್ದರೆ ಕರಡು ಇದ್ದ ಹಾಗೇ ಪಾಸಾಗುತ್ತದೆ.

ಅಪ್ಪನಿಗೆ ಕಾಗದ ಒಡೆದದ್ದನ್ನು ಹೇಳಬೇಡ. ನಾಜಿರಾ ಹಾಸು ಕೊಳ್ಳುವ ನೆಪದಲ್ಲಿ ಅಲ್ಲಿಗೆ ಬರುತ್ತಾಳೆ. ಅವಳಿಗೆ ಹೇಗೆ ಧನ್ಯವಾದ ಹೇಳಲಿ ಎಂದೇ ತಿಳಿಯದು, ರಜೆಯನ್ನೆಲ್ಲ ನಮ್ಮ ಅಪ್ಪನ ಬಾಯಿಗೆ ಸುರಿಯುತ್ತಿದ್ದಾಳೆ.

ಬೂರುಲ್


ಆತ್-ಬಾಶಿ
ಡಿಸೆಂಬರ್ ೨೨

ಮಗಳೇ ಬೂರುಲ್,

ನನಗೆ ಬರೆಯುವ ಅಭ್ಯಾಸವಿಲ್ಲ. ಅದನ್ನೆಲ್ಲ ನಿನ್ನ ಅಪ್ಪ ಗುತ್ತಿಗೆ ಹಿಡಿದಿದ್ದರು. ಈಗ ಅವರು ಬರೆಯುತ್ತಿಲ್ಲ, ಮಾತೂ ಇಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಹೂಂ, ಉಹುಂ ಅಷ್ಟೇ. ಮನೆ ಎಷ್ಟು ದೊಡ್ಡದು ಎಂದು ನನಗೆ ಈಗ ಗೊತ್ತಾಗುತ್ತಿದೆ.

ಹಲ್ಲು ಎಷ್ಟು ಹೋಗಿದೆ ಎಂದು ಮೊದಲ ದಿನವೇ ನೋಡಿದ್ದೆ. ಒಂದೇ ಎಂದರು, ಒಂದೇ ಎಂದೆ.

ಮುಕಾಶ್ ಬಂದು ಹಿಟ್ಟಿನ ಮೂಟೆಯ ಮೇಲೆ ಕೂತು ಎಲ್ಲ ಹೇಳಿದ. ನಿನ್ನ ಅಪ್ಪ ಅಂಟು ಹಾಕಿದ್ದನ್ನು ಕೊಟ್ಟಾಗ ಅವನಿಗೆ ಮುಖಕ್ಕೆ ಹೊಡೆದ ಹಾಗಾಯಿತಂತೆ. ತೆಗೆದುಕೊಂಡ, ಆದರೆ ಎದೆಯ ಜೇಬಿಗೆ ಹಾಕಲಿಲ್ಲ, ವ್ಯಾನಿನ ಮುಂದಿನ ಗಾಜಿನ ಕೆಳಗೆ ಎಸೆದ. ಗೇಟಿನವರ ಕಣ್ಣಿಗೆ ಬಿದ್ದದ್ದು ಹಾಗೆ. “ಜೇಬಲ್ಲಿ ಇಟ್ಕೊಂಡಿದ್ರೆ ಯಾರೂ ಮುಟ್ತಿರಲಿಲ್ಲ ಅಕ್ಕ. ಸಿಟ್ಟಲ್ಲಿ ನಾನೇ ತೋರಿಸ್ಕೊಟ್ಟೆ” ಎಂದು ಅತ್ತ. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನಾನು ನೋಡಿರಲಿಲ್ಲ.

ಆದರೆ ಕೇಳು. ಕಾವಲಿನವನು ಅರ್ಧ ಓದಿದಾಗ ಇವನು ಹೋಗಿ ಕಾಗದದ ಮೇಲೆ ಕೈ ಇಟ್ಟನಂತೆ. ಮಡಚು, ಇದು ನಮ್ಮ ಖಾನರದು ಎಂದನಂತೆ. ಬೈಸಿಕೊಂಡ. ಆಮೇಲೆ ವ್ಯಾನನ್ನು ರಸ್ತೆ ಬದಿಗೆ ನಿಲ್ಲಿಸಿ, ಚೀಲದಿಂದ ರೊಟ್ಟಿ ತೆಗೆದು ಒಬ್ಬೊಬ್ಬರ ಮುಂದೆಯೂ ಹಿಡಿದು, ಕೇಳಿದ್ದನ್ನು ಕೇಳಿಲ್ಲ ಎಂದು ರೊಟ್ಟಿ ಮುಟ್ಟಿಸಿ ಆಣೆ ಹಾಕಿಸಿದನಂತೆ.

ಆಣೆ ಹಾಕಿದವರು ಮನೆಗೆ ಬಂದು ಹೆಂಡತಿಗೆ ಹೇಳಿದರು, ಅದು ಬೇರೆ ಮಾತು. ಈಗ ಇಡೀ ಊರಿಗೆ ಗೊತ್ತು. ಇಡೀ ಊರು ಗೊತ್ತಿಲ್ಲದ ಹಾಗೆ ನಟಿಸುತ್ತಿದೆ. ನಿನ್ನ ಅಪ್ಪನ ಮಂಡಳಿಯವರು ಕೂಡ ಇಷ್ಟು ಚೆನ್ನಾಗಿ ಮಾಡುವುದಿಲ್ಲ. ಮೊನ್ನೆ ಮದುವೆ ಮನೆಯಲ್ಲಿ ಇವರ ತಟ್ಟೆಗೆ ಮಾತ್ರ ಮಾಂಸವನ್ನು ಸಣ್ಣಗೆ ಹೆಚ್ಚಿ ಹಾಕಿದರು, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಟಿಕೆಟ್ ಮಾರುವ ಆ ಹೆಂಗಸು ಇದ್ದಾಳಲ್ಲ, ಬಂದು, ‘ಖಾನರ ಹೆಸರು ಗೋಡೆ ಮೇಲೆ ಎಷ್ಟು ದೊಡ್ಡದಾಗಿ ಬರೆಸೋಣ’ ಎಂದು ಕೇಳಿ ಹೋದಳು.

ನಾಜಿರಾ ಬಂದಳು. ದೊಡ್ಡಿಯಲ್ಲೇ ನಿನ್ನ ಅಪ್ಪನ ಬಾಯಿಯ ಅಚ್ಚು ತೆಗೆದಳು, ಅಲ್ಲಿ ಬೆಳಕು ಚೆನ್ನಾಗಿದೆ. ಹೆಂಗಸರೆಲ್ಲ ಉಣ್ಣೆ ತುಳಿಯುತ್ತಿದ್ದರು. ತಾವಾಗಿಯೇ ಗೋಡೆ ಕಡೆ ತಿರುಗಿ ನಿಂತು ತುಳಿದರು.

ನೀನು ಒಳಗೆ ಹೋಗುವುದನ್ನು ನೋಡು. ಆದರೆ ನಮಗೋಸ್ಕರ ಅಂತ ಆ ತಾಯಂದಿರನ್ನು ಮರೆಯಬೇಡ.

ಅಮ್ಮ


ಬಿಷ್ಕೆಕ್
ಫೆಬ್ರವರಿ ೨೫

ಪ್ರೀತಿಯ ಅಪ್ಪ,

ಈ ಲಕೋಟೆಯೊಳಗೆ ಇನ್ನೊಂದು ಲಕೋಟೆ ಇದೆ. ಅದರಲ್ಲಿರುವುದು ನವೆಂಬರಿನಲ್ಲಿ ನೀವು ನನಗೆ ಬರೆದ ಕಾಗದ. ಅದನ್ನು ಗೇಟಿನಲ್ಲಿ ಒಡೆದು ಓದಿದರು, ಅಪ್ಪ. ಇಲ್ಲಿಯೂ ಓದಿದರು. ಇಷ್ಟು ದಿನ ನಾವು ನಿಮಗೆ ಹೇಳಲಿಲ್ಲ. ಈಗ ಹೇಳುತ್ತಿರುವುದೇಕೆ ಎಂದು ಕೊನೆಯಲ್ಲಿ ಬರೆಯುತ್ತೇನೆ. ಕುಳಿತುಕೊಂಡು ಓದಿ.

ಜನವರಿಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಕರ್ನಲ್ ದೂಯ್ಶೋನ್ ನಮ್ಮ ಅಡುಗೆಮನೆಗೆ ಬಂದರು, ಸಮವಸ್ತ್ರವಿಲ್ಲದೆ. ನಾಜಿರಾ ಚಹಾ ಕೊಟ್ಟು ಹೊರಗೆ ಹೋದಳು. ಅವರು ನಿಮ್ಮ ಕಾಗದವನ್ನು ಮೇಜಿನ ಮೇಲಿಟ್ಟರು. ಹೊಸ ಲಕೋಟೆಯಲ್ಲಿ ಹಾಕಿದ್ದರು. ತಮ್ಮ ಕಡೆ ಇದ್ದ ಫೋಟೊವನ್ನು ಅಳಿಸಿದ್ದೇನೆ ಎಂದರು. “ಆದ್ರೆ ಓದಿದ್ಮೇಲೆ ಓದದ ಹಾಗೆ ಮಾಡೋಕ್ಕೆ ಆಗಲ್ಲ ತಂಗಿ. ಖಾನರ ಸೈನ್ಯದ ಮಾತು ಈಗ ನನ್ನ ತಲೇಲೂ ಇದೆ.”

ಅವರು ನಾರಿನ್‌ಗೆ ಹೋಗಿದ್ದರಂತೆ, ಸತ್ತ ಹುಡುಗರಲ್ಲಿ ಒಬ್ಬನ ತಾಯಿಯನ್ನು ನೋಡಲು. ವರ್ಷಾಬ್ದಿಗೆ ಮೊದಲು ಒಮ್ಮೆ ಹೋಗಿಬರೋಣ ಎಂದು. ಆ ತಾಯಿ ಊಟ ಹಾಕಿದಳು. ಆಮೇಲೆ ಕೇಳಿದಳಂತೆ, ನನ್ನ ಮಗನ ಫೋನನ್ನು ನಿಮ್ಮವರು ತೆರೆದರಲ್ಲ, ಅದರಲ್ಲಿ ಅವನು ಒಂದು ಹುಡುಗಿಗೆ ಬರೆದದ್ದನ್ನೆಲ್ಲ ಓದಿದರಂತೆ, ಹೌದಾ ಎಂದು. ಹೌದು, ತನಿಖೆಗೆ ಬೇಕಿತ್ತು ಎಂದರಂತೆ ಇವರು. “ಬೇಕಿತ್ತು ಅಂದ್ರೆ ಬೇಡ ಅಂತೀನಾ? ನನ್ನ ಮಗನ್ನ ಕೊಂದೋರನ್ನ ಹಿಡಿಯೋಕ್ಕಲ್ವಾ? ಒಂದು ಮಾತು ಕೇಳಿದ್ರೆ ನಾನೇ ತೆಗೆದು ಕೊಡ್ತಿದ್ದೆ. ಕೇಳಲೇ ಇಲ್ವಲ್ಲಪ್ಪ.” ಇಷ್ಟೇ ಹೇಳಿ ಅವಳು ಬಟ್ಟಲು ಎತ್ತಿಕೊಂಡು ಒಳಗೆ ಹೋದಳಂತೆ.

ಇದನ್ನು ಹೇಳುವಾಗ ಅವರು ನನ್ನನ್ನು ನೋಡಲಿಲ್ಲ. ಕಿಟಕಿಯನ್ನು ನೋಡುತ್ತಿದ್ದರು.

ಆಗ ನಾನು ಅವರಿಗೆ ಮುಕಾಶ್ ಅಣ್ಣನ ಬೆರಳಿನ ಕಥೆ ಹೇಳಿದೆ. ಫೋನಿನ ಸಂದೇಶಕ್ಕೂ ಅದೇ ನಿಯಮ ಇರಲಿ, ಲಕೋಟೆಯನ್ನು ನೋಡಿ, ಯಾರಿಂದ ಯಾರಿಗೆ, ಎಷ್ಟು ಹೊತ್ತಿಗೆ, ಅದೆಲ್ಲ ನಿಮ್ಮ ಕಣ್ಣಿಗಿರಲಿ. ಒಳಗಿನ ಕಾಗದ ಬಿಡಿಸಬೇಕಾದರೆ ಒಬ್ಬ ನ್ಯಾಯಾಧೀಶರ ಒಪ್ಪಿಗೆ ಬೇಕು. ಬಿಡಿಸಿ ಓದಿದ ಮೇಲೆ, ಕೆಲಸ ಮುಗಿದ ಮೇಲೆ, ಕಾಗದದ ಒಡೆಯನಿಗೆ ತಿಳಿಸಬೇಕು ಎಂದೆ. ಅವರು ಕೇಳಿದರು: ನ್ಯಾಯಾಧೀಶರು ಮಲಗಿರುವಾಗ ಗಡಿಯಲ್ಲಿ ಮತ್ತೊಬ್ಬ ಹುಡುಗ ಸತ್ತರೆ? ಒಳ್ಳೆಯ ಪ್ರಶ್ನೆ. ಜಗಳವಾಡಿದೆವು, ಅಪ್ಪ, ಕರಿದ ಬೊರ್ಸೋಕ್ ತಿಂಡಿಯ ತಟ್ಟೆ ಖಾಲಿಯಾಗುವ ತನಕ. ಕೊನೆಗೆ, ಹಗಲೂ ರಾತ್ರಿ ಎಚ್ಚರವಿರುವ ನ್ಯಾಯಪೀಠ ಒಂದು ಇರಲೇಬೇಕು ಎಂದು ಅವರು ಬರೆಸಿದರು. ವ್ಯಾಪಾರಿಗಳು ತಮ್ಮ ಹೆಸರು ನೋಂದಾಯಿಸಬೇಕು, ಸುಳ್ಳು ಹೆಸರಿನ ಅಂಗಡಿ ನಡೆಸುವಂತಿಲ್ಲ ಎಂದೂ ಬರೆಸಿದರು. ನಾನು ಒಪ್ಪಿದೆ. ಅಮ್ಮನೂ ನಾರಿನ್‌ಗೆ ಹೋಗಿ ಸರದಿಯಲ್ಲಿ ನಿಲ್ಲಬೇಕಾಗುತ್ತದೆ, ಬೈಯುತ್ತಾಳೆ.

ಮರುವಾರ ಸಮಿತಿಯಲ್ಲಿ ಅವರೇ ಎದ್ದು ನಿಂತು, ಆ ಕಾಗದವನ್ನು ಓದಿದ್ದು ನಮ್ಮವರ ತಪ್ಪು, ಈಕೆ ಒಳಗೆ ಬರಲಿ ಎಂದರು. ನನಗೋಸ್ಕರ ಅವರು ಅಷ್ಟು ಮಾಡಬೇಕಾಗಿರಲಿಲ್ಲ. ಬಾಗಿಲಲ್ಲಿ ಧನ್ಯವಾದ ಹೇಳಲು ಹೋದರೆ ಕೈ ಅಡ್ಡ ಹಿಡಿದರು.

ಮೊನ್ನೆ ಮತವಾಯಿತು. ನಾವು ಬರೆದ ಕಲಮು ಕರಡಿಗೆ ಸೇರಿಕೊಂಡಿತು, ಕೆಲವೇ ಮತಗಳ ಅಂತರದಲ್ಲಿ. ಹಾಲೆಂಡಿನ ಅಂಗಡಿಯಮ್ಮನಿಗೆ ಅಮ್ಮ ಬರೆಯಬಹುದು.

ಒಡೆಯನಿಗೆ ತಿಳಿಸಬೇಕು ಎಂದು ನಾನೇ ಬರೆಸಿದ ಮೇಲೆ, ನಿಮಗೆ ಹೇಳದೆ ಹೇಗಿರಲಿ? ಅದಕ್ಕೇ ಈ ಕಾಗದ. ಕ್ಷಮಿಸಿ, ಅಪ್ಪ.

ಡಬ್ಬಿಯಲ್ಲಿ ನಾಜಿರಾ ಕಳಿಸಿದ್ದು ಇದೆ. ಮೊದಲ ವಾರ ಸೊಪ್ಪು, ಸಾರು ಅಷ್ಟೇ ಎಂದಿದ್ದಾಳೆ. ಖಾನರ ದೊಡ್ಡ ಮಾತನ್ನು ಮೊದಲು ಮೆಲ್ಲಗೆ ಹೇಳಬೇಕಂತೆ. ನಿಮಗೆ ಮೆಲ್ಲಗೆ ಹೇಳಲು ಬರುವುದಿಲ್ಲ ಎಂದು ಹೇಳಿದ್ದೇನೆ.

ನಿಮ್ಮ ಬೂರುಲ್


ಆತ್-ಬಾಶಿ
ಮಾರ್ಚ್ ೧೮

ಕೇಳಿರಿ, ಕೇಳಿರಿ, ನಾಲ್ಕನೆಯ ಮಹಡಿಯ ಮಹಾಜನರೇ! ಗೋಡೆ ಬಡಿಯುವ ಪಕ್ಕದ ಮನೆಯವರೇ, ನೀವೂ ಬನ್ನಿ, ಗೋಡೆಯಾಚೆಯಿಂದ ಯಾಕೆ! ಬಹಳ ದಿನ ಪರದೆ ಇಳಿದೇ ಇತ್ತು. ನಟನಿಗೆ ಗಂಟಲು ಕಟ್ಟಿತ್ತು ಎಂದುಕೊಳ್ಳಿ.

ಮಗಳೇ, ನಿನ್ನ ಕಾಗದವನ್ನು ಕುಳಿತುಕೊಂಡೇ ಓದಿದೆ. ಈಗ ನನ್ನ ಸರದಿ. ನನಗೆ ಗೊತ್ತಿತ್ತು.

ಒಂದು ಜೀವಮಾನ ರಂಗದ ಮೇಲೆ ನಿಂತವನಿಗೆ ನಟನೆ ತಿಳಿಯುವುದಿಲ್ಲವೇ? ಕಾಗದ ಕೊಟ್ಟ ಆ ವಾರವೇ ರೊಟ್ಟಿ ಅಂಗಡಿಯವನು ನಾನು ಕೇಳದೆಯೇ ರೊಟ್ಟಿಯನ್ನು ತೆಳ್ಳಗೆ ಕೊಯ್ದು ಕಟ್ಟಿದ. ಕಟ್ಟಿ, ಹವಾಮಾನದ ಬಗ್ಗೆ ಅತಿಯಾಗಿ ಮಾತಾಡಿದ. ಕೆಟ್ಟ ನಟ. ಮದುವೆ ಮನೆಯಲ್ಲಿ ಹೆಚ್ಚಿದ ಮಾಂಸ. ಮಾಸ್ತರರು ಎದುರಿಗೆ ಸಿಕ್ಕಾಗ ನಾನು ಉತ್ತರ ಹೇಳಬೇಕಾದ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ದೊಡ್ಡಿಯಲ್ಲಿ ಅಷ್ಟು ಹೆಂಗಸರು ಗೋಡೆಗೆ ಮುಖ ಮಾಡಿ ಉಣ್ಣೆ ತುಳಿದರು, ಒಬ್ಬಳೂ ನಗಲಿಲ್ಲ. ಊರಿಗೆ ಗೊತ್ತು ಎಂದು ನನಗೆ ಗೊತ್ತಾಯಿತು. ನನಗೆ ಗೊತ್ತು ಎಂದು ಊರಿಗೆ ತೋರಿಸಿದರೆ ಅವರ ನಾಟಕ ಹಾಳಾಗುತ್ತಿತ್ತು. ಅದಕ್ಕೇ ಚಳಿಗಾಲವಿಡೀ ಬಾಯಿಗೆ ಕೈ ಹಿಡಿದು ನನ್ನ ಪಾತ್ರ ಮಾಡಿದೆ. ಇಷ್ಟು ದೊಡ್ಡ ಮಂಡಳಿಯ ಜೊತೆ ನಾನು ಎಂದೂ ಆಡಿರಲಿಲ್ಲ.

ಗೇಟಿನಲ್ಲಿ ಅಪರಿಚಿತನೊಬ್ಬ ನನ್ನ ಅಳುವನ್ನು ಗಟ್ಟಿಯಾಗಿ ಓದಿದ ಎಂಬುದು ನೋಯುತ್ತದೆ, ಬೂರುಲ್. ಅದು ನಿಮ್ಮ ಕಲಮಿನಿಂದ ವಾಸಿಯಾಗುವುದಿಲ್ಲ. ಆದರೆ ಮುಂದಿನವನ ಕಾಗದಕ್ಕೆ ಯಾರೋ ಒಬ್ಬರನ್ನು ಕೇಳಬೇಕಾಗುತ್ತದೆ. ಅದನ್ನು ನನ್ನ ಮಗಳು ಬರೆಸಿದ್ದಾಳೆ, ಆ ತಾಯಿ ಬರೆಸಿದ್ದಾಳೆ. ದೂಯ್ಶೋನರಿಗೆ ಹಬ್ಬದ ನಾಟಕಕ್ಕೆ ಮುಂದಿನ ಸಾಲಿನ ಆಸನ ಇಟ್ಟಿದ್ದೇನೆ. ಆ ತಾಯಿಗೂ ಇಟ್ಟಿದ್ದೇನೆ, ನಿನ್ನ ಅಮ್ಮನ ಪಕ್ಕದಲ್ಲಿ. ನಿನ್ನ ಅಮ್ಮ ತಾನೇ ಹೋಗಿ ಕರೆದು ಬಂದಳು. ನಾರಿನ್‌ನ ಸರದಿಯಲ್ಲಿ ನಿಂತು ಹೆಸರು ಬರೆಸಿ ಹಾಗೇ ಅವಳ ಮನೆಗೆ ಹೋಗಿದ್ದಳು. ಇಬ್ಬರೂ ಏನು ಮಾತಾಡಿದರು ಎಂದು ನನಗೆ ಹೇಳಲಿಲ್ಲ. ನಾನು ಕೇಳಲಿಲ್ಲ. ನೋಡು, ಕಲಿಯುತ್ತಿದ್ದೇನೆ.

ಹಾಲೆಂಡಿನ ಹಾಸುಗಳು ಮೂಟೆಯಾಗಿ ಬಾಗಿಲ ಬಳಿ ನಿಂತಿವೆ. ನಾಜಿರಾ ಅವರಿಗೆ ಈ ಖಾನನ ನಮಸ್ಕಾರ, ತಲೆ ನೆಲಕ್ಕೆ ತಾಗುವಷ್ಟು. ನಿನ್ನೆ ದೊಡ್ಡಿಯಲ್ಲಿ ಸೈನ್ಯವನ್ನು ಕಳಿಸಿಕೊಡುವ ಮಾತನ್ನು ಪೂರ್ತಿ ಹೇಳಿದೆ. ಸಿಳ್ಳೆ ಇಲ್ಲ. ಹೊರಗೆ ಕಟ್ಟಿದ್ದ ಕುದುರೆ ಬೆದರಿತು. ಹೆಂಗಸರು ಈ ಸಲ ನನ್ನ ಕಡೆ ತಿರುಗಿ ನಿಂತಿದ್ದರು.

ಒಂದೇ ಸಾಲ ಉಳಿದಿದೆ, ಅದು ಮುಕಾಶನದು. ನವೆಂಬರಿನಿಂದ ನಾವಿಬ್ಬರೂ ಮುಖ ಕೊಟ್ಟು ಮಾತಾಡಿಲ್ಲ. ಅವನು ನನ್ನನ್ನು ಕಂಡರೆ ಟೈರು ಒದ್ದು ನೋಡುತ್ತಾನೆ, ನಾನು ಅವನನ್ನು ಕಂಡರೆ ಮೋಡ ನೋಡುತ್ತೇನೆ. ತಾನು ಸಿಟ್ಟಿನಲ್ಲಿ ಗಾಜಿನ ಕೆಳಗೆ ಎಸೆದೆ ಎಂದು ಅವನು, ಹಿಟ್ಟು ಕಲಸಿ ಅಂಟು ಹಾಕಿದೆ ಎಂದು ನಾನು. ಅವನು ರೊಟ್ಟಿ ಹಿಡಿದು ಆಣೆ ಹಾಕಿಸಿದ್ದನ್ನು ನಿನ್ನ ಅಮ್ಮ ಈಗ ಹೇಳಿದಳು. ನನ್ನ ಬಾಯಿಯಲ್ಲಿ ಮಾತು ಬರಲಿಲ್ಲ, ಹೊಸ ಹಲ್ಲಿದ್ದೂ.

ಈ ಕಾಗದವನ್ನು ಮಡಚಿ ಲಕೋಟೆಯಲ್ಲಿ ಇಟ್ಟಿದ್ದೇನೆ. ಬಾಯಿ ತೆರೆದೇ ಇದೆ. ನಾಳೆ ಬೆಳಿಗ್ಗೆ ವ್ಯಾನ್ ಹೊರಡುವ ಮೊದಲೇ ಹೋಗುತ್ತೇನೆ. ನಿನ್ನ ಅಮ್ಮ ಸುಟ್ಟ ಬಿಸಿ ರೊಟ್ಟಿ ಒಂದು ಕೈಯಲ್ಲಿ, ಇದು ಇನ್ನೊಂದು ಕೈಯಲ್ಲಿ. ಎರಡನ್ನೂ ಮುಕಾಶನಿಗೆ ಕೊಡುತ್ತೇನೆ. ಅವನು ಬೆರಳು ಆಡಿಸಲು ಲಕೋಟೆ ಅಗಲಿಸುವಾಗ ನಾನು ನೋಡುತ್ತ ನಿಲ್ಲುವುದಿಲ್ಲ. ಬೆನ್ನು ತಿರುಗಿಸಿ ಬೆಟ್ಟದ ಕಡೆ ನಿಲ್ಲುತ್ತೇನೆ, ಜೇಬಿನ ಗುಂಡಿ ಹಾಕಿದ ಸದ್ದು ಕೇಳುವ ತನಕ.

ಪರದೆ.
ನಿನ್ನ ಅಪ್ಪ, ಸಾತಿಬಾಲ್ದಿ